ಟೆಸ್ಟಿಂಗ್ ಹಾಡು

"ತಲಿ ಒಂದೀಟು ಎತ್ತಿ ಹಿಡಿ ಮಹಾನಂದಾ, ಬಲಕ್ಕ ವಾಲಾಕತ್ತದ," ಎಂದಳು ನೆರೆಮನೆಯ ಗುರುಲಿಂಗಮ್ಮ. ಮಹಾನಂದಾ ಗಂಡನ ಗದ್ದದ ಕೆಳಗೆ ಕೈಯಿಟ್ಟಳು. ಗೋಡೆಗೆ ಆನಿಸಿ ಕೂರಿಸಿದ ವಿಶ್ವರಾಧ್ಯನ ಎದೆಗೆ ಶಲ್ಯ ಸುತ್ತಿ, ಅದರ ತುದಿಗಳನ್ನು ಮೇಲಿನ ಗೂಟಕ್ಕೆ ಬಿಗಿಯುತ್ತಿದ್ದರು. ಲಿಂಗವಂತರ ಮನೆಯಲ್ಲಿ ಸತ್ತವರು ಮಲಗುವ ಹಾಗಿಲ್ಲ. ಕೂತೇ ಬಂದವರಿಗೆ ಮುಖ ತೋರಿಸಬೇಕು, ಕೂತೇ ಮಣ್ಣಿಗೆ ಹೋಗಬೇಕು.

ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ, ಹಾಡುವವರ ಬೆನ್ನ ಹಿಂದೆ, ಗಿಟಾರು ಹಿಡಿದು ನಿಂತೇ ಕಳೆದ ಮನುಷ್ಯ. ಅವನನ್ನು ಹೀಗೆ ಪಡಸಾಲೆಯ ನಡುವೆ, ಹೂವಿನ ಮಧ್ಯೆ, ಎಲ್ಲರ ಕಣ್ಣು ಬೀಳುವಂತೆ ಕೂರಿಸಿದ್ದು ನೋಡಿ ಮಹಾನಂದಾಳಿಗೆ ಅಳುವಿಗಿಂತ ಮೊದಲು ಸಂಕೋಚವಾಯಿತು. ನಿನ್ನೆ ಸಂಜೆ ಹುಣಸಗಿಯ ಬಸ್ಸಿಳಿದು ಸುರಪುರದ ಈ ಮನೆಗೆ ಬಂದವನು ನೀರು ಕೇಳಿದ್ದ. ಅವಳು ತಂಬಿಗೆ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಆಗಿನಿಂದ ಅವಳಿಗೆ ಎಲ್ಲವೂ ನೀರಿನೊಳಗಿಂದ ಕಂಡ ಹಾಗೆ ಕಾಣುತ್ತಿತ್ತು. ಬಂದವರ ಬಾಯಿ ಆಡುತ್ತಿತ್ತು, ಮಾತು ತಡವಾಗಿ ತಲುಪುತ್ತಿತ್ತು.

ಯಾದಗಿರಿ, ಶಹಾಪುರ, ಸೊಲ್ಲಾಪುರ, ಅತ್ತ ಹೈದರಾಬಾದಿನ ತನಕ ವಿಶ್ವರಾಧ್ಯ ತಿರುಗದ ಊರಿರಲಿಲ್ಲ. ಮದುವೆಯಿರಲಿ, ಗಣಪತಿಯಿರಲಿ, ಗಿಟಾರಿನ ಪೆಟ್ಟಿಗೆ ಇಳಿಸಿದ ಕೂಡಲೇ ಕಮಿಟಿಯವರ ಹತ್ತಿರ ಹೋಗಿ, "ಕಡೀಕ ಒಂದ್ ಹತ್ತು ಮಿನಿಟು ನನಗ ಕೊಡ್ರಿ. ಹಾಡು ಬ್ಯಾಡ, ಬರೇ ಗಿಟಾರು," ಎನ್ನುತ್ತಿದ್ದ. ಅವರು ಆಗಲಿ ಎಂದು ತಲೆಯಾಡಿಸುತ್ತಿದ್ದರು. ಕಡೆಗೆ ಬರುವಷ್ಟರಲ್ಲಿ ಯಾರೋ ಪುಢಾರಿ ಭಾಷಣಕ್ಕೆ ನಿಂತಿರುತ್ತಿದ್ದ, ಇಲ್ಲವೇ ಕುಣಿಯುವವರಿಗೆ ಇನ್ನೊಂದು ಹಾಡು ಬೇಕಾಗಿರುತ್ತಿತ್ತು. ಮುಂದಿನ ಊರಿನಲ್ಲಿ ಅದೇ ಮಾತನ್ನು ಒಂದಕ್ಷರ ಬದಲಿಸದೆ ಮತ್ತೆ ಕೇಳುತ್ತಿದ್ದ. ಅಷ್ಟೊಂದು ಭಂಡಭಕ್ತಿ ದೇವರ ಮೇಲೆ ಇಟ್ಟಿದ್ದರೆ ದೇವರೇ ಬೇಸತ್ತು ಎದ್ದು ಬರುತ್ತಿದ್ದನೇನೋ. ಮನೆ ಮಾತ್ರ ಮಹಾನಂದಾಳ ಹೊಲಿಗೆ ಮಶೀನಿನ ಮೇಲೆ ನಡೆಯಿತು. ಮಕ್ಕಳಿರಲಿಲ್ಲ. ಅದನ್ನೂ ಇದನ್ನೂ ಸೈರಿಸಿದೆ ಎಂದೇ ಅವಳು ತಿಳಿದುಕೊಂಡಿದ್ದಳು. ಈಗ ಅವಳನ್ನು ಬಿಡದೆ ಕಾಡುತ್ತಿದ್ದದ್ದು ಮೊನ್ನೆ ಸೋಮವಾರದ ಮಾತು.

* * *

ಸೋಮವಾರ ಮಧ್ಯಾಹ್ನ ಅವನು ಹೊಸ್ತಿಲ ಬಳಿ ಕೂತು ಗಿಟಾರು ನುಡಿಸುತ್ತಿದ್ದ. ಅವಳು ಒಳಗೆ ಜಂಪರಿಗೆ ಗುಂಡಿಯ ಕಾಜ ಹೊಲಿಯುತ್ತಿದ್ದಳು. ಅವನು ನುಡಿಸುತ್ತಿದ್ದದ್ದು ಟೆಸ್ಟಿಂಗ್ ಹಾಡು. ಹಾಗೆಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಎಲ್ಲೇ ಕಾರ್ಯಕ್ರಮವಿರಲಿ, ಸೌಂಡಿನವರು "ಹಲೋ, ಮೈಕ್ ಟೆಸ್ಟಿಂಗ್" ಎಂದು ಮುಗಿಸಿದ ಮೇಲೆ ಗಿಟಾರಿನ ಒಂದು ವರಸೆ ಹಚ್ಚುತ್ತಾರೆ. ಅದು ಕಿವಿಗೆ ಬಿದ್ದರೆ ಸಾಕು, ಹೆಂಗಸರು ಒಲೆ ಆರಿಸಿ ಚಾಪೆ ಬಗಲಿಗೆ ಏರಿಸಿ ಜಾಗ ಹಿಡಿಯಲು ಹೊರಡುತ್ತಾರೆ. ಅತಿಥಿಗಳು ಬಂದರೆಂದರೆ ಅದನ್ನು ಅರ್ಧಕ್ಕೇ ಕತ್ತರಿಸುತ್ತಾರೆ. ಅದು ಯಾರದು ಎಂದು ಯಾರೂ ಕೇಳಿದವರಿಲ್ಲ.

"ಆ ಟೆಸ್ಟಿಂಗ್ ಹಾಡು ಎಷ್ಟ್ ಸಲ ಬಾರಸ್ತೀರಿ? ನಿಮ್ಮದು ಅಂತ ಒಂದರ ಬಾರಸ್ರಿ," ಎಂದಳು.

"ಇದು ನಂದೇ."

ಅವಳು ಸೂಜಿ ಬಿಟ್ಟು ನಕ್ಕಳು. "ಮೂರೂ ತಾಲೂಕಿನ್ಯಾಗ ದಿನಾ ಕೇಳೋದು ನಿಮ್ಮದಂತ! ಮತ್ತ ನೀವ್ಯಾಕ ಇಷ್ಟ್ ವರ್ಷ ಮಂದಿ ಬೆನ್ನಿಂದ ನಿಂತೀರಿ?"

ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವನೂ ನಕ್ಕ ಹಾಗೆ ಮಾಡಿ ತಂತಿ ಒರೆಸಿದ. ಆ ಮೇಲೆ ಅವಳು ಗುರುಲಿಂಗಮ್ಮನ ಮನೆಗೆ ಹೋಗಿ ಅದನ್ನು ಹೇಳಿ ಇನ್ನೊಮ್ಮೆ ನಕ್ಕು ಬಂದಿದ್ದಳು.

* * *

ಊಟದ ಹೊತ್ತು ಮೀರಿದ ಮೇಲೆ ಭಜನೆಯವರು ಬಂದರು. ಅವರ ಮೈಕಿಗೆಂದು ರಂಗಂಪೇಟೆಯ ರಾಜಾಸಾಬ ಟಂಟಂ ಆಟೋದಲ್ಲಿ ಎರಡು ಸ್ಪೀಕರ್ ಬಾಕ್ಸ್ ಹೇರಿಕೊಂಡು ಬಂದಿದ್ದ. ಇಪ್ಪತ್ತು ವರ್ಷದಿಂದ ಸೌಂಡಿನ ಕೆಲಸ ಮಾಡುತ್ತಿದ್ದವನು. ಒಂದು ಬಾಕ್ಸನ್ನು ಪಡಸಾಲೆಯ ಮೂಲೆಯಲ್ಲಿ, ಮಹಾನಂದಾಳ ಬೆನ್ನಿಗೇ ಇಟ್ಟ. ಫೋನಿಗೆ ವಾಯರು ಸಿಕ್ಕಿಸಿ, ರೂಢಿಯಂತೆ ಬೆರಳು ಆಡಿಸಿ, ಇನ್ನೊಂದು ವಾಯರು ಎಳೆಯಲು ಮಾಳಿಗೆ ಹತ್ತಿದ. ಸಾವಿನ ಮನೆಯೆಂದು ತಲೆಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ.

ಪಡಸಾಲೆಯಲ್ಲಿ ಟೆಸ್ಟಿಂಗ್ ಹಾಡು ಸುರುವಾಯಿತು.

"ಏ ರಾಜಾಸಾಬ, ಬಂದ್ ಮಾಡೋ ಅದನ್ನ," ಎಂದು ವಿಶ್ವರಾಧ್ಯನ ಅಣ್ಣ ಬಸವಂತರಾಯ ಅಂಗಳದಿಂದ ಕೂಗಿದ. ಮಾಳಿಗೆಯ ಮೇಲಿದ್ದವನಿಗೆ ಅದು ಕೇಳಿಸಲಿಲ್ಲ. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ.

ಮಹಾನಂದಾ ಬಾಕ್ಸಿನ ಆ ಹಾಡನ್ನು ಇಷ್ಟು ಹತ್ತಿರದಿಂದ ಎಂದೂ ಕೇಳಿರಲಿಲ್ಲ. ಓಣಿಯಾಚೆ, ಗಾಳಿಯಲ್ಲಿ ಹರಿದು ಬಂದದ್ದೇ ಕೇಳಿದ್ದಳು. ಇಲ್ಲಿ ತಂತಿಯ ಮೇಲೆ ಬೆರಳು ಜಾರುವ ಸಪ್ಪಳ ಕೂಡ ಇತ್ತು. ವರಸೆ ಮೇಲಕ್ಕೆ ಹೋಗಿ ತಡೆದು ನಿಂತಿತು, ಏನೋ ಮರೆತ ಹಾಗೆ ತಿರುಗಿ ಬಂತು, ನಿಧಾನವಾಗಿ ಕೆಳಗಿಳಿಯಿತು. ಇನ್ನೇನು ಮುಗಿಯಿತು ಎನ್ನುವಾಗ, ದೂರದಲ್ಲಿ ಒಂದು ರೈಲು ಕೂಗಿತು.

ಸುರಪುರಕ್ಕೆ ರೈಲಿಲ್ಲ. ಅವಳು ಬೆನ್ನ ಹಿಂದಿನ ಬಾಕ್ಸಿನ ಕಡೆ ತಿರುಗಿದಳು.

* * *

ಹನ್ನೆರಡು ವರ್ಷದ ಹಿಂದೆ ಮಶೀನಿನ ಸಾಮಾನು ಕೊಳ್ಳಲು ಅವನ ಜೊತೆ ಯಾದಗಿರಿಗೆ ಹೋಗಿದ್ದಳು. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ರೆಕಾರ್ಡಿಂಗ್ ಕೋಣೆ. "ಒಂದು ತಾಸು ಅಷ್ಟ, ಇಲ್ಲೇ ಕೂಡು," ಎಂದು ಗಿಟಾರು ಹಿಡಿದು ಒಳಗೆ ಹೋದ. ಬಾಗಿಲಿಗೆ ಗಾದಿ ಹೊಡೆದಿದ್ದರು. ಹೊರಗಿನ ಬೆಂಚಿನಲ್ಲಿ ಕೂತವಳಿಗೆ ಒಳಗಿನದು ಒಂದೂ ಕೇಳಿಸಲಿಲ್ಲ. ಗೋಡೆ ನಡುಗುವಂತೆ ಮುಂಬೈ ಗಾಡಿ ಕೂಗಿಕೊಂಡು ಹೋದದ್ದು ಮಾತ್ರ ಕೇಳಿಸಿತು.

ಹೊರಗೆ ಬಂದಾಗ ಅವನ ಮುಖ ಬಾಡಿತ್ತು.

"ಕಡೀಕ ಬಂದಿತ್ತು. ರೈಲು ಕೂಗಿಬಿಡ್ತು, ಅದೂ ಒಳಗ ಸೇರ್ಕೊಂಡದ. ಇನ್ನೊಮ್ಮಿ ಬಾರಸ್ತೀನಿ ಅಂದ್ರ ತಾಸು ಮುಗೀತು ಅಂದ್ರು."

"ಇರ್ಲಿ ಬಿಡ್ರಿ. ಕಡೀತನಕ ಯಾರ್ ಕೇಳ್ತಾರ?" ಎಂದಿದ್ದಳು. ಸಮಾಧಾನಕ್ಕೆಂದೇ ಅಂದದ್ದು.

ಬರುವ ದಾರಿಯಲ್ಲಿ ಶಹಾಪುರದಲ್ಲಿಳಿದು ಅವನು ಸೌಂಡಿನ ಅಂಗಡಿಯೊಂದಕ್ಕೆ ಹೋಗಿ ಬಂದ. ಬಸ್ಸಿನಲ್ಲಿ ಫೋನು ಅವಳ ಕಿವಿಗೆ ಹಿಡಿಯಲು ನೋಡಿದ. "ನಾಳಿ ಕೇಳ್ತೀನ್ರಿ, ತಲಿ ಸಿಡ್ಯಾಕತ್ತದ," ಎಂದು ಅವಳು ಕಿಟಕಿಗೆ ಒರಗಿದಳು. ಮರುದಿನ ಮದುವೆಮನೆಯ ಜಂಪರುಗಳಿದ್ದವು. ಅದರ ಮರುದಿನವೂ ಇದ್ದವು.

* * *

ಮಾಳಿಗೆಯಿಂದ ದಡದಡನೆ ಇಳಿದು ಬಂದ ರಾಜಾಸಾಬ ಕೈಮುಗಿದ. "ಮಾಫ್ ಮಾಡ್ರಿ ಯಕ್ಕಾ, ರೂಢಿ ಬಿದ್ದುಬಿಟ್ಟದ."

"ಅದನ್ನ ನಿನಗ ಯಾರ್ ಕೊಟ್ರು?"

"ಶಹಾಪುರದ ಬಾಷುಮಿಯಾ, ನಮ್ಮ ಉಸ್ತಾದ. ಅವಂಗ ಯಾರ್ ಕೊಟ್ಟಾರೋ ಗೊತ್ತಿಲ್ರಿ. ಬಾಕ್ಸ್ ಚಂದ ಅದನೋ ಇಲ್ಲೋ ಇದರಾಗ ತಿಳೀತದ. ನಮ್ಮ ಲೈನಿನವ್ರೆಲ್ಲ ಇದನ್ನೇ ಹಚ್ತಾರ."

ಅವಳು ಗಂಡನ ಕಡೆ ತಿರುಗಿದಳು. ಹಣೆತುಂಬ ವಿಭೂತಿ, ಅರೆಮುಚ್ಚಿದ ಕಣ್ಣು. 'ತಪ್ಪಾತು' ಎನ್ನಬೇಕೆಂದುಕೊಂಡಳು. ಅವನು ಅದನ್ನು ಕೇಳಿಸಿಕೊಳ್ಳುವ ಕಾಲ ನಿನ್ನೆಗೇ ಮುಗಿದಿತ್ತು. ಅವಳು ಎದ್ದು ನಿಂತಳು.

"ಭಾವಾರ, ಅವ್ರನ್ನ ಎತ್ತುವಾಗ ಇದನ್ನ ಹಚ್ಚಸ್ರಿ. ಇದು ನಿಮ್ಮ ತಮ್ಮಂದು."

ಬಸವಂತರಾಯ ಹೌಹಾರಿದ. "ತಿಳಿದು ಮಾತಾಡಾಕತ್ತೀಯೇನು ಮಹಾನಂದಾ? ಮಣ್ಣಿಗಿ ಹೋಗುವಾಗ ಭಜನಿ ಆಗಬೇಕು. ಟೆಸ್ಟಿಂಗ್ ಹಾಡು ಹಚ್ಚಿದ್ರ ಮಂದಿ ನಗ್ತಾರ."

"ನಗೋದು ನಾನೇ ನಕ್ಕು ಮುಗಿಸೀನ್ರಿ. ಇನ್ನ ಯಾರೂ ನಗಾಂಗಿಲ್ಲ."

ಅವಳು ಯಾದಗಿರಿಯ ಬೆಂಚು, ಗಾದಿ ಹೊಡೆದ ಬಾಗಿಲು, ಮುಂಬೈ ಗಾಡಿ ಎಲ್ಲವನ್ನೂ ಹೇಳಿದಳು. ತಾನು ಆಡಿದ ಮಾತನ್ನೂ ಬಿಡಲಿಲ್ಲ. ಗುರುಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಬಸವಂತರಾಯ ತಮ್ಮನ ಬೆರಳುಗಳನ್ನು ನೋಡಿದ. ತಂತಿ ಒತ್ತಿ ಒತ್ತಿ ಎಡಗೈಯ ತುದಿಗಳು ಕಲ್ಲಾಗಿದ್ದವು.

"ಭಜನಿ ಊರ ಅಗಸಿ ಬಾಗಲದಿಂದ ಸುರು ಮಾಡ್ರಿ," ಎಂದ ಭಜನೆಯವರಿಗೆ. "ಅಲ್ಲೀತನಕ ಅವಂದ ಇರ್ಲಿ."

ಬಿಸಿಲು ಇಳಿಯುತ್ತಿದ್ದಾಗ ಶವದ ವಿಮಾನ ಎತ್ತಿದರು. ಬಾಳೆಕಂಬ ಕಟ್ಟಿದ ಬಿದಿರಿನ ವಿಮಾನದಲ್ಲಿ ವಿಶ್ವರಾಧ್ಯ ಕೂತಿದ್ದ. ಮುಂದೆ ಟಂಟಂ, ಅದರ ಬಾಕ್ಸಿನಲ್ಲಿ ಗಿಟಾರು. ಇಳಿಜಾರಿನ ಓಣಿಯುದ್ದಕ್ಕೂ ಹಳದಿ ಬೆಳಕು ನಿಂತಿತ್ತು, ಮಹಾನಂದಾಳ ಕಾಲು ನೆಲಕ್ಕೆ ತಾಕುತ್ತಿತ್ತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಆ ಹಾಡು ಕೇಳಿದ ಓಣಿ ತನಗೆ ಗೊತ್ತಿದ್ದನ್ನೇ ಮಾಡಿತು. ಬಾಗಿಲುಗಳು ತೆರೆದವು. ಮುದುಕಿಯೊಬ್ಬಳು ಚಾಪೆ ತಂದು ಕಟ್ಟೆಯ ಮೇಲೆ ಹಾಸಿದಳು. ಚಹಾದಂಗಡಿಯವರು ಕುರ್ಚಿಗಳನ್ನು ರಸ್ತೆಯ ಕಡೆ ತಿರುಗಿಸಿದರು. ಹೆಂಗಸರು ಹಿಟ್ಟಿನ ಕೈ ಒರೆಸಿಕೊಂಡು ಬಂದು ಒತ್ತೊತ್ತಾಗಿ ಕೂತರು. ವಿಮಾನ ತಿರುವು ದಾಟಿ ಕಣ್ಣಿಗೆ ಬಿದ್ದಾಗ ಮಾತು ನಿಂತಿತು, ಎದ್ದು ಹೋಗಲು ಯಾರಿಗೂ ತೋಚಲಿಲ್ಲ.

ಯಾರೂ ಅದನ್ನು ಅರ್ಧಕ್ಕೆ ಕತ್ತರಿಸಲಿಲ್ಲ. ವರಸೆ ಇಳಿದು ಇಳಿದು ಮುಗಿಯಿತು, ರೈಲು ಕೂಗಿ ದೂರವಾಯಿತು. ಆಮೇಲೂ ಓಣಿಯ ಎರಡೂ ಬದಿ ಮಂದಿ ಮಡಿಲಲ್ಲಿ ಕೈಯಿಟ್ಟುಕೊಂಡು, ತಮ್ಮೆದುರು ಕೂತವನ ಕಡೆ ಮುಖವೆತ್ತಿ, ಹಾಗೇ ಕೂತಿದ್ದರು.