ಭಂಡಾರ ಹಚ್ಚಿದ ಮರಿಗಳು

ಟಕ್.

ಕರೆಂಟು ಹೋಗಿ ಯಡ್ರಾವದ ಮಗ್ಗಗಳೆಲ್ಲ ನಿಂತಿದ್ದರಿಂದಲೇ ನಡುರಾತ್ರಿ ಆ ಸದ್ದು ಸಾರಿಕಾಗೆ ಕೇಳಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಕಾವುಪೆಟ್ಟಿಗೆಗೆ ಕಿವಿಯಿಟ್ಟಳು. ಹೆಬ್ಬಾತಿನ ಮರಿಯೊಂದು ಒಳಗಿನಿಂದ ತತ್ತಿಯನ್ನು ಕುಟ್ಟುತ್ತಿತ್ತು.

ತತ್ತಿಗಳನ್ನು ಗಡಹಿಂಗ್ಲಜದಿಂದ ಕಳಿಸಿದವಳು ತಂಗಿ ಮನಾಲಿ. ಗಂಡನ ಮನೆ ಬಿಟ್ಟುಬಂದ ಅವಳಿಗೆ ಕೊಲ್ಹಾಪುರದ ರಾವಸಾಹೇಬರು ಗಡಹಿಂಗ್ಲಜದ ತಮ್ಮ ತೋಟದಲ್ಲಿ ಬಿಳಿ ಚೈನೀಸ್ ಹೆಬ್ಬಾತುಗಳ ಒಂದು ಜೋಡಿಯನ್ನು ಸಾಕಲು ಕೊಟ್ಟಿದ್ದರು. ತಳಿ ಕೆಡದಿದ್ದರೆ ಇಡೀ ಹಿಂಡು ಅವಳ ಕೈಗೆ, ಇರಲು ತೋಟದ ಮನೆ. ಕೆಟ್ಟರೆ ಬೇರೆಯವರನ್ನು ಹುಡುಕುತ್ತಾರೆ. ಬೇಲಿಯಾಚೆ ಯಾರದೋ ಬೂದು ಗಂಡು ಹೆಬ್ಬಾತೊಂದಿತ್ತು.

ಈ ತಳಿಯಲ್ಲಿ ಬಿಳಿ ಬಣ್ಣ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಇಬ್ಬರೂ ಬಿಳಿಯಾದರೆ ಮರಿಗಳೆಲ್ಲ ಹಳದಿಯಾಗಿ ಹುಟ್ಟಬೇಕು. ಬೂದು ಬೆನ್ನು, ಕರಿ ಕೊಕ್ಕಿನ ಮರಿ ಒಂದು ಬಂದರೂ ಬೇರೆ ಗಂಡು ಕೂಡಿದೆ ಎಂದೇ ಅರ್ಥ. ಪ್ರಾಣಿಶಾಸ್ತ್ರ ಓದಿದ ಸಾರಿಕಾ ಏನು ಹೇಳುತ್ತಾಳೋ ಅದನ್ನೇ ನಂಬುವುದಾಗಿ ರಾವಸಾಹೇಬರು ಹೇಳಿದ್ದರು.

ಎರಡನೆಯ ಬೆಳಿಗ್ಗೆ ಗಾಜಿನೊಳಗೆ ಐದು ಮರಿಗಳು ಒಂದರ ಮೈಯಲ್ಲಿ ಒಂದು ಕೊಕ್ಕು ಹುದುಗಿಸಿ ಮಲಗಿದ್ದವು. ಇನ್ನೊಂದು ತತ್ತಿ ಒಡೆಯುವುದಿತ್ತು. ಒಳಗಿನ ತೇವ ಆರಬಾರದೆಂದು ಅವಳು ಮುಚ್ಚಳ ತೆಗೆಯಲಿಲ್ಲ. ರಾವಸಾಹೇಬರಿಗೆ ಫೋನ್ ಮಾಡಿದಳು.

“ಐದೂ ಹಳದಿ ಅದಾವ್ರಿ, ಸಾಹೇಬ್ರ.”

“ಹಂಗಾರ ಮನಾಲಿಗೆ ಈಗ ಕೀಲಿಕೈ ಕೊಡಸ್ತೇನಿ. ಸಂಜಿಗೆ ಇಚಲಕರಂಜಿಗೆ ಬರೂದೈತಿ, ಮರಿ ಒಯ್ತೇನಿ.”

ಫೋನ್ ಇಟ್ಟಮೇಲೆ ಮುಚ್ಚಳದ ಅಂಚಿನಲ್ಲಿ ಹಳದಿ ಪುಡಿ ಕಂಡಿತು. ಅವಳು ಅತ್ತೆಯನ್ನು ಕೂಗಿ ಕರೆದಳು.

“ಅತ್ತಿ, ಇದನ್ನ ತಗದಿದ್ರೇನ್ರಿ?”

“ನಸಿಕಿನ್ಯಾಗ ಭಂಡಾರ ಹಾಕೇನಿ,” ಎಂದಳು ಬೀರವ್ವ. ದೇವರ ಅರಿಶಿನಪುಡಿ ಬೀಳದೆ ಆ ಮನೆಯಲ್ಲಿ ಯಾವ ಕುರಿಮರಿಯೂ ಎದ್ದು ನಿಂತಿರಲಿಲ್ಲ. “ಕುರಿಮರಿಗೆ ಹಾಕತೀವಿ, ಇವೇನ ಪಾಪ ಮಾಡ್ಯಾವು? ಸಾಲಿ ಕಲ್ತಾಕಿ ನೀ, ಬರೇ ಗಾಜ ನೋಡಕೋತ ಕುಂದರ!” ನಗುತ್ತ ಕೋಲು ಹಿಡಿದು ಕುರಿಗಳ ಹಿಂದೆ ಹೋದಳು.

ಸಾರಿಕಾ ಒದ್ದೆ ಅರಿವೆಯಿಂದ ಒಂದೊಂದನ್ನೇ ಒರೆಸಿದಳು. ನಾಲ್ಕರಲ್ಲಿ ಹಳದಿಯ ಕೆಳಗೂ ಹಳದಿ. ಐದನೆಯದರ ಬೆನ್ನು ಬೂದು, ಕೊಕ್ಕು ಕಪ್ಪು.

“ಅಕ್ಕಾ, ಕೀಲಿಕೈ ಕೊಟ್ರು!” ಫೋನಿನಲ್ಲಿ ಮನಾಲಿಯ ದನಿ ಕುಣಿಯುತ್ತಿತ್ತು. ಸಂಗತಿ ಕೇಳಿದ ಮೇಲೆ ದನಿ ತಗ್ಗಿಸಿದಳು. “ಆ ಬೂದು ಗಂಡು ಒಮ್ಮೆ ಬೇಲಿ ದಾಟಿ ಬಂದಿತ್ತು. ಓಡಿಸಿದ್ನಿ.”

“ಗೊತ್ತಿದ್ದೂ ತತ್ತಿ ಕಳಿಸಿದಿ?”

“ನೋಡಾಕಿ ನೀನ ಅಲ್ಲಾ, ಅದಕ್ಕ ಕಳಿಸಿದ್ನಿ.”

ಸಾರಿಕಾಗೆ ಉಳಿದ ನಾಲ್ಕರ ಮೇಲೂ ಭರವಸೆ ಹೋಯಿತು. ಬೂದು ಗಂಡಿನೊಳಗೆ ಬಿಳಿ ಅಡಗಿದ್ದರೆ ಅದರ ಮರಿಯೂ ಹಳದಿಯಾಗಿ ಹುಟ್ಟಬಹುದು. ನೋಡಿ ಹೇಳಲಾಗದು.

ಶಿರೋಳಕ್ಕೆ ಹೊರಟಿದ್ದ ತರಕಾರಿ ಟೆಂಪೊದ ಹಾಲಸಿದ್ದನ ಕೈಗೆ ಬೂದು ಮರಿಯಿದ್ದ ಬುಟ್ಟಿ ಕೊಟ್ಟಳು. “ಮಗಳಿಗೆ ಆಡಾಕ.”

“ಬಿರ್ಯಾನಿಗೆ ಭಾಳ ಸಣ್ಣದಾತಲ್ರಿ ವೈನಿ,” ಎಂದು ನಕ್ಕು ಅವನು ಹೋದ.

ಆರನೆಯ ತತ್ತಿ ಒಡೆಯಲೇ ಇಲ್ಲ. ಸಂಜೆ ರಾವಸಾಹೇಬರು ಬಂದು ಮರಿಗಳನ್ನು ಎಣಿಸಿದರು. “ಐದು ಅಂದಿದ್ರಿ?”

“ಒಂದು ಉಳೀಲಿಲ್ರಿ.”

ಅವರು ಪೆಟ್ಟಿಗೆಯೊಳಗೆ ಬೆರಳಾಡಿಸಿ ಹಳದಿ ನೋಡಿದರು. “ಈ ಪುಡಿ ಮೂಗಿಗೆ ಹೋಗಿರಬೇಕು. ಇರಲಿ ಬಿಡ್ರಿ.”

ಚಹಾ ಹಿಡಿದು ಬರುತ್ತಿದ್ದ ಬೀರವ್ವ ಬಾಗಿಲಲ್ಲೇ ನಿಂತಳು.

ಕಾರು ಹೋದಮೇಲೆ ಕೇಳಿದಳು, “ನನ್ನ ಕೈಲೆ ಸತ್ತಿತೇನ?”

“ಇಲ್ರಿ ಅತ್ತಿ. ಅದಕ್ಕ ಬಲಾ ಇರಲಿಲ್ಲ.”

“ಮುಂಜಾನಿ ನನ್ನ ಬೆರಳ ಹಿಡದು ಜಗ್ಗತಿತ್ತ.” ಬೀರವ್ವ ಅಂಗೈ ನೋಡಿಕೊಂಡಳು. “ಎಲ್ಲಿ ಹೂಳಿದಿ? ಒಂದ ಹೂವರ ಇಟ್ಟ ಬರತೇನಿ.”

ಬದುಕೈತ್ರಿ ಎಂದರೆ ಸಾಕಿತ್ತು. ಆದರೆ ಅತ್ತೆ ಆ ಸಂತೋಷವನ್ನು ನಾಳೆ ಊರಿಗೆಲ್ಲ ಹಂಚುತ್ತಾಳೆ; ವಾರದೊಳಗೆ ಅದು ಗಡಹಿಂಗ್ಲಜ ಮುಟ್ಟುತ್ತದೆ, ಮನಾಲಿಯ ಕೈಯಿಂದ ಕೀಲಿಕೈ ಹೋಗುತ್ತದೆ.

ಸಾರಿಕಾ ಹಿತ್ತಲಿನ ಬೇವಿನ ಬುಡ ತೋರಿಸಿದಳು. ಮುದುಕಿ ಬಗ್ಗಿ ಎರಡು ಹೂವಿಟ್ಟು, ಕೈಮುಗಿದು, ಮಣ್ಣನ್ನು ತಟ್ಟುತ್ತಿದ್ದುದನ್ನು ನೋಡುತ್ತ ನಿಂತಳು. ಇದನ್ನು ಗಂಡನಿಗಾಗಲಿ, ಮನಾಲಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.