ಶಟರ್ ಎಳೆದ ಮೇಲಿನ ಬೋಂಡ

ಒಂದು ಸೀರೆ ಮಾರಲು ಇಪ್ಪತ್ತು ಸೀರೆ ಬಿಚ್ಚಬೇಕು. ಕೊಳ್ಳುವವರು ಗಾದಿಯ ಮೇಲೆ ಕೂತು ಬೆರಳು ತೋರಿಸುತ್ತಾರೆ, ನಾವು ಹಾಸುತ್ತಾ ಹೋಗುತ್ತೇವೆ. ಹಸಿರಿನ ಮೇಲೆ ನೇರಳೆ, ನೇರಳೆಯ ಮೇಲೆ ಅರಿಶಿನ. ಅವರು ಒಂದನ್ನು ತೆಗೆದುಕೊಂಡು ಹೋಗುತ್ತಾರೆ. ಮಿಕ್ಕದ್ದೆಲ್ಲ ನಮ್ಮ ಪಾಲಿಗೆ.

ಶಿಡ್ಲಘಟ್ಟದ ಆ ರೇಷ್ಮೆ ಸೀರೆ ಅಂಗಡಿಗೆ ನಾನು ಸೇರಿದಾಗ ಮಡಿಸುವುದನ್ನು ಕಲಿಸಿದವರು ಪೆದ್ದಮ್ಮ. ಸಾದಲಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಮಾಲೀಕ ರಮೇಶ್‌ಬಾಬು ಅಂಗಡಿಯ ಮೇಲಿನ ಮನೆಯಲ್ಲೇ ಇದ್ದರು. ಬೀಗದ ಕೈಯನ್ನು ಅವರು ನಿದ್ದೆಗಣ್ಣಿನಲ್ಲೇ ಪೆದ್ದಮ್ಮನಿಗೆ ಕೊಡುತ್ತಿದ್ದರು. ಅಷ್ಟು ನಂಬಿಕೆ.

ರಾತ್ರಿ ಎಂಟಕ್ಕೆ ಶಟರ್ ಎಳೆಯುತ್ತಿದ್ದರು. ನಾವು ಒಳಗೇ ಇರುತ್ತಿದ್ದೆವು. ಬಿಚ್ಚಿದ್ದನ್ನೆಲ್ಲ ಮಡಿಸಿ, ಕಪಾಟಿಗೆ ಸೇರಿಸಿದ ಮೇಲೆ ಎದುರಿನ ಹೋಟೆಲಿನಿಂದ ಬೋಂಡ, ಟೀ ಬರುತ್ತಿತ್ತು. ಮೊದಲೇ ತರಿಸುವ ಹಾಗಿರಲಿಲ್ಲ. ಎಣ್ಣೆ ಕೈಯಲ್ಲಿ ಯಾರು ರೇಷ್ಮೆ ಮುಟ್ಟುತ್ತಾರೆ? ಬೋಂಡ ಬಂತೆಂದರೆ ಆ ದಿನದ ಕೆಲಸ ಮುಗಿಯಿತೆಂದು ಅರ್ಥ. ಸಂಬಳ ಮಾತ್ರ ಎಂಟು ಗಂಟೆಗೇ ಮುಗಿದಿರುತ್ತಿತ್ತು.

ಓವರ್‌ಟೈಮ್ ಎಂಬ ಮಾತನ್ನು ಮೊದಲು ಎತ್ತಿದವನು ನನ್ನ ಜೊತೆಯ ಸುನೀಲ್.

"ಹರಿತಾ, ಈ ಹೊತ್ತಿಗೆಲ್ಲಾ ದುಡ್ಡು ಬರ್ಬೇಕು ಕಣೇ. ಅದೂ ಡಬಲ್."

"ಬಾಯಿ ಮುಚ್ಚೋ," ಎಂದರು ಪೆದ್ದಮ್ಮ. "ಬಿಸಿಬಿಸಿ ಬೋಂಡ ತರಿಸ್ಕೊಡೋರ ಮೇಲೆ ಕಂಪ್ಲೇಂಟ್ ಕೊಡ್ತಾರೇನೋ?"

"ಆ ಬೋಂಡಾನೇ ನಮ್ಮನ್ನ ಹಾಳು ಮಾಡಿದ್ದು."

"ಹಾಗಾದ್ರೆ ನಿಂದೂ ಇಲ್ಲಿ ಕೊಡು."

ಅವನು ಕೊಡಲಿಲ್ಲ.

ಆದರೆ ದುಡ್ಡು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಪೆದ್ದಮ್ಮನಿಗೇ. ಅವರ ಎರಡೂ ಮಂಡಿ ಸವೆದಿದ್ದವು. ನೆಲದ ಮೇಲೆ ಕೂರಬೇಡಿ ಎಂದಿದ್ದರು ಡಾಕ್ಟರು. ಸೀರೆ ಅಂಗಡಿಯಲ್ಲಿ ನೆಲದ ಮೇಲೆ ಕೂರದೆ ಮಾಡುವ ಕೆಲಸ ಒಂದೇ, ಗಲ್ಲಾದ್ದು. ಅದು ಮಾಲೀಕರದು. ಯುಗಾದಿಗೆ ಕೆಲಸ ಬಿಟ್ಟು, ಸಾದಲಿಯಲ್ಲಿ ಬ್ಲೌಸ್ ಪೀಸು, ಫಾಲ್ಸು ಮಾರುವ ಸಣ್ಣ ಅಂಗಡಿ ಇಡಬೇಕು ಎನ್ನುವುದು ಅವರ ಆಸೆ. "ಕುರ್ಚಿ ಮೇಲೆ ಕೂತ್ಕೊಂಡು ಮಾಡೋ ಕೆಲಸ ಕಣಮ್ಮ," ಎನ್ನುತ್ತಿದ್ದರು, ಕುರ್ಚಿ ಎನ್ನುವಾಗ ಕಣ್ಣು ಮುಚ್ಚಿಕೊಂಡು. ಕೈಯಲ್ಲಿ ಬಂಡವಾಳವಿರಲಿಲ್ಲ. ಬರಬೇಕಾದದ್ದು ಬಂದರೆ ಅಂಗಡಿ. ಬರದೆ ಕೆಲಸ ಬಿಟ್ಟರೆ ಸವೆದ ಮಂಡಿ ಮಾತ್ರ.

ನಾನೂ ಸುನೀಲನೂ ಚಿಕ್ಕಬಳ್ಳಾಪುರಕ್ಕೆ ಹೋಗಿ ಅರ್ಜಿ ಕೊಟ್ಟೆವು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಸಂಘಮಿತ್ರ ಮೇಡಂ ಪೂರ್ತಿ ಓದಿ, "ಎಂಟಾದ ಮೇಲೆ ಕೆಲಸ ಇದೆ ಅನ್ನೋದಕ್ಕೆ ಏನು ತೋರಿಸ್ತೀರಾ?" ಎಂದು ಕೇಳಿದರು. ಹಾಜರಿ ಪುಸ್ತಕದಲ್ಲಿ ಎಲ್ಲರದೂ ಎಂಟಕ್ಕೇ ಮುಗಿಯುತ್ತಿತ್ತು. ಸೋಮವಾರ ಬೆಳಗ್ಗೆ ಬರುತ್ತೇನೆ ಎಂದರು.

ಬಸ್ಸಿನಲ್ಲಿ ಸುನೀಲನಿಗೆ ಉಪಾಯ ಹೊಳೆಯಿತು. ಭಾನುವಾರ ಮದುವೆ ಗಿರಾಕಿ ಜಾಸ್ತಿ. ಎಂಟಕ್ಕೆ ಸರಿಯಾಗಿ ಎದ್ದು ಹೊರಟುಬಿಡೋಣ, ಬಿಚ್ಚಿದ ಸೀರೆ ಬಿಚ್ಚಿದ ಹಾಗೇ ಇರಲಿ. ಮೇಡಂ ಬಂದು ಆ ರಾಶಿ ನೋಡಲಿ. ನಾವು ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ ಕಣ್ಣ ಮುಂದೆ ಬಿದ್ದಿರುತ್ತದೆ.

ಹಾಗೆಯೇ ಮಾಡಿದೆವು. ಮಾಲೀಕರು ಕೂಗಾಡಿದರು. ನಾವು ಚಪ್ಪಲಿ ಹಾಕಿಕೊಂಡೆವು. ಪೆದ್ದಮ್ಮ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

ಸೋಮವಾರ ನಾನು ಹೋದಾಗ ಗಾದಿ ಬೆಳ್ಳಗಿತ್ತು, ಖಾಲಿ. ಸೀರೆಗಳೆಲ್ಲ ಅಂಚಿಗೆ ಅಂಚು ಕೂಡಿ ಕಪಾಟಿನಲ್ಲಿದ್ದವು. ಪೆದ್ದಮ್ಮ ಗೋಡೆಗೊರಗಿ ಮಂಡಿ ನೀವಿಕೊಳ್ಳುತ್ತಿದ್ದರು.

"ಪೆದ್ದಮ್ಮಾ, ಏನ್ ಮಾಡ್ಬಿಟ್ರಿ!"

"ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ ಕಣಮ್ಮ. ಹಂಗೇ ಸುಕ್ಕಾಗಿ ಬಿದ್ದಿದ್ರೆ ಜರಿ ಮುರಿದೋಗಲ್ವಾ? ಯಾರೋ ಮದುವೆ ಹುಡುಗಿ ಉಟ್ಕೊಳ್ಳೋದು."

ಸುನೀಲ್ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಮೇಡಂ ಬಂದರು. ರಮೇಶ್‌ಬಾಬು ಕಪಾಟಿನ ಉದ್ದಕ್ಕೂ ಕೈ ಬೀಸಿ ತೋರಿಸಿದರು. "ನೋಡಿ ಮೇಡಂ. ನಿನ್ನೆ ಎಂಟಕ್ಕೆ ಎಲ್ರೂ ಮನೆಗೆ ಹೋದ್ರು. ಎಲ್ಲಾ ನೀಟಾಗಿದೆ. ಇಲ್ಲಿ ಯಾವ ಓವರ್‌ಟೈಮು?"

ಬೆಳಗ್ಗೆ ಬಂದು ಮಡಿಸಿದ್ದು, ದಿನಾ ರಾತ್ರಿ ಕೂರುವುದು, ಎಲ್ಲವನ್ನೂ ನಾನು ತಡವರಿಸುತ್ತಾ ಹೇಳಿದೆ. ಮೇಡಂ ಕೇಳಿಸಿಕೊಂಡರು. "ನೀವು ಹೀಗಂತೀರಾ, ಅವರು ಹಾಗಂತಾರೆ," ಎಂದರು. ದನಿಯಲ್ಲಿ ಬೇಸರವಿತ್ತು.

ಪೆದ್ದಮ್ಮ ಗೋಡೆ ಹಿಡಿದು ಎದ್ದರು. ಆಫೀಸರಮ್ಮ ತಮ್ಮ ಮಾಲೀಕರನ್ನು ಕೆಟ್ಟವರೆಂದುಕೊಂಡು ಹೋಗುತ್ತಾರಲ್ಲ ಎನ್ನುವ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು.

"ಅಮ್ಮಯ್ಯಾ, ನಮ್ಮ ಬಾಬು ಒಳ್ಳೇವ್ರು. ಸುಮ್ನೆ ಅನ್ಬಾರ್ದು. ಶಟರ್ ಎಳೆದ ಮೇಲೆ ನಮ್ಮನ್ನ ಒಂದಿನಾನೂ ಹಸಿದ ಹೊಟ್ಟೇಲಿ ಕಳಿಸಿಲ್ಲ. ಬೋಂಡ, ಟೀ, ದಿನಾ."

"ದಿನಾನಾ?" ಎಂದರು ಮೇಡಂ, ಅನುಮಾನದಿಂದ. ಅನುಮಾನ ಬೋಂಡದ ಮೇಲೋ ಬೇರೆಯದರ ಮೇಲೋ, ರಮೇಶ್‌ಬಾಬು ಅವರಿಗೆ ಮಾತ್ರ ಅದು ತಮ್ಮ ಧಾರಾಳತನದ ಮೇಲಿನದು ಎನಿಸಿತು.

"ದಿನಾನೇ ಮೇಡಂ! ಬೇಕಾದ್ರೆ ಎದುರುಗಡೆ ಹೋಟೆಲ್ನೋರನ್ನ ಕೇಳಿ. ನನ್ನ ಅಂಗಡೀಲಿ ಯಾರೂ ಹಸ್ಕೊಂಡು ಹೋಗಿಲ್ಲ."

"ಎಷ್ಟೊತ್ತಿಗೆ ತರಿಸ್ತೀರಾ?"

"ಎಲ್ಲಾ ಮಡಿಸಿ ಆದ್ಮೇಲೆ. ಒಂಬತ್ತೂವರೆ. ಸೀಸನ್ನಲ್ಲಿ ಹತ್ತೂ ಆಗುತ್ತೆ, ಆದ್ರೂ ಬಿಸಿಯಾಗೇ..."

ಅವರ ಮಾತು ಅಲ್ಲಿಗೆ ನಿಂತಿತು. ಮೆಟ್ಟಿಲ ಮೇಲಿದ್ದ ಸುನೀಲ್ ಮೆಲ್ಲಗೆ ತಲೆಯಿಂದ ಕೈ ತೆಗೆದ. ಮೇಡಂ ಬರೆದುಕೊಳ್ಳುತ್ತಿದ್ದರು. ಆಮೇಲೆ ರಸ್ತೆ ದಾಟಿ ಹೋದರು. ಹೋಟೆಲಿನವರು, "ಅವ್ರಿಗೋಸ್ಕರಾನೇ ಹತ್ತರ ತಂಕ ಎಣ್ಣೆ ಕಾಯಿಸಿಟ್ಟಿರ್ತೀನಿ ಮೇಡಂ," ಎಂದದ್ದು ಇಲ್ಲಿಯವರೆಗೂ ಕೇಳಿಸಿತು.

"ನಾನೇನಾದ್ರೂ ತಪ್ಪು ಹೇಳಿದ್ನಾ ಬಾಬು?" ಎಂದರು ಪೆದ್ದಮ್ಮ.

ರಮೇಶ್‌ಬಾಬು ಅವರತ್ತ ತಿರುಗಿದರು. "ಇಲ್ಲ ಬಿಡು ಪೆದ್ದಮ್ಮ," ಎಂದರು. "ನಿಜಾನೇ ಹೇಳಿದ್ದೀಯ."

ಅದಕ್ಕಾಗಿ ನಾನು ಅವರಿಗೆ ಇವತ್ತಿಗೂ ಋಣಿ. ಹೇಳಿದ್ದನ್ನು ಆಮೇಲೆ ಅವರು ಹೇಳೇ ಇಲ್ಲ ಎನ್ನಬಹುದಿತ್ತು, ಪೆದ್ದಮ್ಮನನ್ನು ಬೈಯಬಹುದಿತ್ತು. ಎರಡನ್ನೂ ಮಾಡಲಿಲ್ಲ. ಯುಗಾದಿಗೆ ಮೊದಲು ಎಲ್ಲರಿಗೂ ದುಡ್ಡು ಬಂತು. ಈಗ ಏಳು ಗಂಟೆಯಿಂದಲೇ ಮಡಿಸಲು ಶುರು ಮಾಡುತ್ತೇವೆ, ಗಿರಾಕಿ ಇದ್ದರೂ. ಮಾಲೀಕರೂ ಗಾದಿಗೆ ಬಂದು ಕೂರುತ್ತಾರೆ. ಅವರ ಮಡಿಕೆ ಕೆಟ್ಟದಾಗಿರುತ್ತದೆ. ಸುನೀಲ್ ಬಿಚ್ಚಿ ಮತ್ತೆ ಮಡಿಸುತ್ತಾನೆ, "ನಿಮ್ಮಿಂದಾನೇ ಓವರ್‌ಟೈಮ್ ಆಗೋದು ಅಣ್ಣ," ಎನ್ನುತ್ತಾನೆ. ಬೋಂಡ ಇನ್ನೂ ಬರುತ್ತದೆ, ಎಂಟಕ್ಕೆ.

ಮೊನ್ನೆ ಸಾದಲಿಗೆ ಹೋಗಿದ್ದೆ. ಪೆದ್ದಮ್ಮ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ನನಗೆ ಒಂದು ಬ್ಲೌಸ್ ಪೀಸ್ ಬೇಕಿತ್ತು. ಅವರು ಹತ್ತಾರು ಬಿಚ್ಚಿ ಹಾಕಿದರು. ನಾನು ಬಟ್ಟೆಗಳನ್ನು ಮಡಿಸಲು ಶುರು ಮಾಡಿದೆ.

ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಬಿಡಮ್ಮ. ಇದು ಕಾಟನ್ನು, ಏನೂ ಆಗಲ್ಲ. ಹೊತ್ತಾಯ್ತು, ಬಾಗಿಲು ಹಾಕ್ತೀನಿ."

ಕೆಂಪು, ಹಳದಿ, ಹಸಿರು, ಎಲ್ಲವೂ ಹಲಗೆಯ ಮೇಲೆ ಹರಡಿಕೊಂಡೇ ಇದ್ದವು. ಪೆದ್ದಮ್ಮ ಬೀಗ ಹಾಕಿದರು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡಿ, ಮನೇಲಿ ಬೋಂಡ ಮಾಡ್ತೀನಿ," ಎಂದರು.