ಇಬ್ಬರೂ ಒಪ್ಪದ ಮರಳದಿಣ್ಣೆ

ದೋಹಾದ ಆ ಹೋಟೆಲಿನಲ್ಲಿ ಇಪ್ಪತ್ತು ದಿನ ಶಾಂತಿ ಮಾತುಕತೆ ನಡೆಯಿತು. ಮೊದಲ ಮೂರು ದಿನ ಯಾರು ಯಾವ ಬಾಗಿಲಿನಿಂದ ಒಳಗೆ ಬರಬೇಕು ಎನ್ನುವುದರಲ್ಲೇ ಕಳೆಯಿತು. ಒಂದು ಸರೋವರ, ಬಡಗಣ ದಡಕ್ಕೊಂದು ದೇಶ, ತೆಂಕಣ ದಡಕ್ಕೊಂದು. ನಡುವಿನ ದ್ವೀಪವನ್ನು ಬಡಗಣದವರ ಸೈನ್ಯ ಹಿಡಿದಿತ್ತು. ಹಾಗಾಗಿ ಅವರದು ಒಂದೇ ರಾಗ: ಯಾರ ಕೈಲಿ ಏನಿದೆಯೋ ಅದು ಅವರದು. ತೆಂಕಣದವರು ಮಾತ್ರ ಯುದ್ಧಕ್ಕೆ ಮುಂಚೆ ಹೇಗಿತ್ತೋ ಹಾಗೇ ಆಗಬೇಕೆಂದು ಹಟ ಹಿಡಿದಿದ್ದರು. ಇಷ್ಟು ಹೇಳಿ ಸುಸ್ತಾದ ಮಹನೀಯರು ಸಂಜೆ ಸೂಕ್ ವಾಕಿಫ್ ಮಾರುಕಟ್ಟೆಗೆ ಹೋಗಿ ಕಬಾಬ್ ತಿಂದು ಬರುತ್ತಿದ್ದರು.

ಅವರಿಗೆ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಇಬ್ಬರೂ ಒಪ್ಪಿದ್ದು ನಕ್ಷೆಯಲ್ಲಿ ಇರಬೇಕು. ಒಬ್ಬರು ತಕರಾರು ತೆಗೆದರೂ ಅದನ್ನು ಅಳಿಸಬೇಕು. ಹೀಗೆ ಅಳಿಸಿ ಅಳಿಸಿ ಅವರ ದೇಶಗಳು ಬೋಳಾಗಿದ್ದವು.

ನಮಗೆ ಚಹಾ ತರುತ್ತಿದ್ದ ಜಾಬಿರ್ ಆ ದ್ವೀಪದವನು. ಮೀನುಗಾರನಾದ ಅವನ ತಮ್ಮನನ್ನು ಬಡಗಣದವರು ಎಳೆದೊಯ್ದು, ತಮ್ಮ ಯುದ್ಧದೋಣಿಗೆ ದಾರಿ ತೋರಿಸಲು ನಿಲ್ಲಿಸಿಕೊಂಡಿದ್ದರು. ಒಪ್ಪಂದವಾದ ದಿನ ಬಿಡುತ್ತೇವೆ ಎಂದಿದ್ದರಂತೆ. ಜಾಬಿರ್ ದಿನವೂ ಲೋಟ ಇಡುತ್ತಾ, ನಮ್ಮಿಬ್ಬರಿಗೂ ಸರಿಯಾಗಿ ಬಾರದ ಹಿಂದಿಯಲ್ಲಿ ಕೇಳುತ್ತಿದ್ದ: "ಮೇಡಂ, ಇವತ್ತು ಖಲಾಸ್ ಆಗುತ್ತಾ?"

ಹನ್ನೆರಡನೆಯ ದಿನ ದ್ವೀಪದ ಪಕ್ಕ ನೀರಿನಡಿ ಇರುವ ಮರಳದಿಣ್ಣೆಯ ವಿಷಯಕ್ಕೆ ಜಗಳ ಹತ್ತಿತು. ಅದಕ್ಕೆ ಎರಡು ಭಾಷೆಯಲ್ಲಿ ಎರಡು ಹೆಸರು; ಯಾವುದು ಮೇಲೆ, ಯಾವುದು ಕೆಳಗೆ? ಎರಡು ಗಂಟೆ ಕೂಗಾಡಿದರು. ಕೊನೆಗೆ ನಮ್ಮ ಮ್ಯಾನೇಜರ್, ಬೆಂಗಳೂರಿನ ಪ್ರಶಾಂತ್, ಫೋನ್ ಮಾಡಿದರು.

"ಅರುಂಧತಿ, ಯಲ್ಲಾ ಯಲ್ಲಾ, ಬೇಗ ಆ ದಿಣ್ಣೇನೇ ಡಿಲೀಟ್ ಮಾಡ್ಬಿಡಿ. ಕ್ಲೈಂಟ್ ಇನ್‌ಸ್ಟ್ರಕ್ಷನ್."

ನಾನು ಅಳಿಸಿದೆ. ನೀರೆಲ್ಲ ಒಂದೇ ನೀಲಿ.

"ಮೇಡಂ, ಅಲ್ಲಿ ಮರಳಿದೆ. ಮಂಡಿಯುದ್ದ ನೀರು," ಎಂದ ಹಿಂದೆ ನಿಂತಿದ್ದ ಜಾಬಿರ್.

"ಇದು ಬರೀ ಮಾತುಕತೆಯ ನಕ್ಷೆ. ಇದನ್ನ ನೋಡ್ಕೊಂಡು ಯಾರೂ ದೋಣಿ ನಡೆಸಲ್ಲ," ಎಂದೆ.

ಎರಡೂ ಕಡೆಯವರು ಅದಕ್ಕೆ ಸಹಿ ಹಾಕಿದರು. ಹನ್ನೆರಡು ದಿನದಲ್ಲಿ ಮೊದಲ ಸಾಧನೆ ಎಂದು ಬಡಗಣದ ನಿಯೋಗದವರು ಹೆಮ್ಮೆಯಿಂದ ತಮ್ಮ ಸೇನೆಗೂ ಒಂದು ಪ್ರತಿ ಕಳಿಸಿದರು.

ಹದಿನಾರನೆಯ ದಿನ ಬೆಳಿಗ್ಗೆ ಅವರ ಐದು ದೋಣಿಗಳು ತೆಂಕಣದವರನ್ನು ಹಿಂದಿನಿಂದ ಹೊಡೆಯಲು ದ್ವೀಪ ಸುತ್ತಿ ಹೊರಟವು. ಐದೂ ಮರಳಿನಲ್ಲಿ ಸಿಕ್ಕಿಬಿದ್ದವು. ತೆಂಕಣದವರು ಒಂದು ಗಂಟೆಯಲ್ಲಿ ಐದನ್ನೂ ಸುಟ್ಟುಹಾಕಿದರು. ಸರೋವರವೆಲ್ಲ ಅವರ ಕೈಗೆ ಬಂತು; ದ್ವೀಪದಲ್ಲಿದ್ದ ಬಡಗಣದ ಸೈನ್ಯ ಒಂಟಿಯಾಯಿತು.

ಮಧ್ಯಾಹ್ನದ ಸಭೆಯಲ್ಲಿ ಬಡಗಣದ ಮುಖ್ಯಸ್ಥನಿಗೆ ಇದ್ದಕ್ಕಿದ್ದಂತೆ ಶಾಂತಿಯ ಮೇಲೆ ಮಮತೆ ಉಕ್ಕಿತು. ಯುದ್ಧಕ್ಕೆ ಮುಂಚೆ ಇದ್ದಂತೆಯೇ ಆಗಲಿ ಎಂದ. ತೆಂಕಣದವನು ಗಡ್ಡ ನೀವಿಕೊಂಡು, ಯಾರ ಕೈಲಿ ಏನಿದೆಯೋ ಅದು ಅವರದಲ್ಲವೇ ಎಂದ. ನಾಚಿಕೆಯನ್ನು ಇಬ್ಬರೂ ವಿಮಾನ ಹತ್ತುವ ಮೊದಲೇ ಬಿಟ್ಟು ಬಂದಿದ್ದರು. ಆದರೆ ನೆಲದ ಮೇಲೆ ಕಾದಾಡಲು ತೆಂಕಣದವರಿಗೂ ಬಲವಿರಲಿಲ್ಲ. ಹಿಂದಿನಂತೆಯೇ ಎಂದು ನಾಲ್ಕೇ ದಿನದಲ್ಲಿ ಒಪ್ಪಿದರು.

ಜಾಬಿರ್ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಬಂದಾಗ ನಿಂತಲ್ಲೇ ಹೇಳಿದ: "ತಂಗಿ ಝೈನಬ ಫೋನ್ ಮಾಡಿದ್ಲು. ಈಜಿ ದಡ ಸೇರಿದ ಸಿಪಾಯಿ ಹೇಳಿದ್ನಂತೆ. ಮುಂದೆ ಮರಳಿದೆ, ಬೇಡ ಅಂತ ತಮ್ಮ ಕೂಗಿದ್ನಂತೆ. ಆಫೀಸರ್ ನಕ್ಷೆ ತೋರಿಸಿದ್ನಂತೆ. ದೋಹಾದ್ದು, ಎರಡೂ ಕಡೆಯವರ ಸಹಿ ಇದೆ, ಇದರಲ್ಲಿ ಮರಳಿಲ್ಲ, ನಡಿ ಅಂದ್ನಂತೆ."

ತಮ್ಮನ ಹೆಣವೂ ಸಿಕ್ಕಿರಲಿಲ್ಲ.

ಇಪ್ಪತ್ತನೆಯ ದಿನ ಮತ್ತೆ ಪ್ರಶಾಂತ್ ಫೋನ್. "ದಿಣ್ಣೆ ವಾಪಸ್ ಹಾಕಿ. ಎರಡು ಹೆಸರೂ ಅಕ್ಕಪಕ್ಕ. ಇಬ್ಬರೂ ಓಕೆ ಅಂದಿದಾರೆ."

ಹಳೆಯ ಫೈಲು ನನ್ನಲ್ಲೇ ಇತ್ತು. ಅರ್ಧ ನಿಮಿಷದ ಕೆಲಸ. ಇಷ್ಟು ದಿನ ಆ ಮಹನೀಯರನ್ನು ಮನಸ್ಸಿನಲ್ಲೇ ಉಗಿಯುತ್ತಿದ್ದ ನನಗೆ ನನ್ನ ಬೆರಳುಗಳನ್ನು ಕಂಡೇ ಹೇಸಿಗೆಯಾಯಿತು.

ಜಾಬಿರ್ ಚಹಾ ಇಟ್ಟು ಪರದೆಯ ಮೇಲಿನ ಮರಳದಿಣ್ಣೆಯನ್ನು ತುಸು ಹೊತ್ತು ನೋಡಿದ.

"ಮೇಡಂ, ಇದನ್ನ ನೋಡ್ಕೊಂಡು ಯಾರಾದ್ರೂ ದೋಣಿ ನಡೆಸ್ತಾರಾ?"